ಒಂದು ಎಮ್ಮೆಯಷ್ಟು ಬಂದೂಕು

ಕಳೆದ ಬೇಸಿಗೆಯಲ್ಲಿ ನನ್ನ ಬಂದೂಕಿನ ಲೈಸೆನ್ಸು ಇನ್ನು ಬೇಡವೆಂದು ಹಾವೇರಿಯ ಆಫೀಸಿನಲ್ಲಿ ಅರ್ಜಿ ಬರೆದುಕೊಟ್ಟೆ. ನವೀಕರಣಕ್ಕೆ ಡಾಕ್ಟರ ಸರ್ಟಿಫಿಕೇಟು ಬೇಕು, ಕಣ್ಣು ತೋರಿಸಬೇಕು, ಮೂರು ನಾಲ್ಕು ಸಲ ಸಾಲಿನಲ್ಲಿ ನಿಲ್ಲಬೇಕು. ನಿಲ್ಲುವುದು ಈಗ ನನ್ನಿಂದ ಆಗುವುದಿಲ್ಲ. ಎಡಗಣ್ಣಿನ ಪೊರೆ ತೆಗೆಸಿದ್ದೇನೆ, ಬಲಗಣ್ಣಿನದು ಹಾಗೇ ಇದೆ. ಗುರಿ ಹಿಡಿಯುವ ಕಣ್ಣು ಬಲಗಣ್ಣೇ. ಹಂದಿ ಹೊಲಕ್ಕೆ ಬಂದರೆ ಅದು ನನಗೆ ಕಾಣುವ ಮೊದಲು ಅದಕ್ಕೆ ನಾನು ಕಾಣುತ್ತೇನೆ.

ಅರ್ಜಿ ಕೊಟ್ಟ ಮೇಲೆ ಬಂದೂಕನ್ನು ಬಟ್ಟೆಯ ಚೀಲದಲ್ಲಿ ಸುತ್ತಿಕೊಂಡು ರಾಣೆಬೆನ್ನೂರಿನ ಬಂದೂಕಿನ ಅಂಗಡಿಗೆ ಒಯ್ದೆ. ಮಾರಲು ಅನುಮತಿ ಬರುವ ತನಕ ಅಲ್ಲಿ ಠೇವಣಿ ಇಡಬೇಕು, ಕೊಳ್ಳುವವರು ಅಲ್ಲಿಗೇ ಬಂದು ನೋಡುತ್ತಾರೆ. ಆ ಅಂಗಡಿಯ ಹಿರಿಯರನ್ನು ನಾನು ಉಸ್ತಾದ್ ಎನ್ನುತ್ತಿದ್ದೆ. ಅವರು ತೀರಿಹೋಗಿ ಬಹಳ ವರ್ಷವಾಯಿತು. ಈಗ ಅವರ ಮಗ ಕೂರುತ್ತಾನೆ, ಅವನ ಗಡ್ಡವೂ ಬೆಳ್ಳಗಾಗಿದೆ. ಅವನು ನನ್ನ ಬಂದೂಕನ್ನು ಬಿಚ್ಚಲೂ ಇಲ್ಲ. ಮೇಜಿನ ಮೇಲೆ ಅಡ್ಡ ಇಟ್ಟು ಕೇಳಿದ:

"ಕಾಕಾ, ಮೂರೂ ತಾಲೂಕಿನ ಬಂದೂಕಿಗೆ ಬೆಲೆ ಕಟ್ಟೀರಿ. ನಿಮ್ಮದಕ್ಕ ನೀವ ಹೇಳ್ರಿ, ನಾ ಬರಕೋತೇನಿ."

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಬಲಗೈ ತಾನೇ ಎದ್ದು ಹೆಗಲ ಮೇಲಿನ ಟವೆಲ್ಲಿಗೆ ಹೋಯಿತು. ಅದನ್ನು ಕೆಳಗಿಳಿಸಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಅವನು ನಕ್ಕ, ನಾನು ನಗಲಿಲ್ಲ. ಆ ಕೈ ಒಮ್ಮೆ ಮಾಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಬಾಯಲ್ಲಿ ಹೇಳಿ ಬಂದಿದ್ದೇನೆ, ಆದರೂ ಬರೆದಿಡಬೇಕು ಅನ್ನಿಸಿದೆ.

ನಾನು ಎಸ್ಸೆಸ್ಸೆಲ್ಸಿಯವರೆಗೆ ಓದಿದವನು. ಆಮೇಲೆ ಬ್ಯಾಡಗಿಯ ಒಂದು ಮೆಣಸಿನಕಾಯಿ ಅಂಗಡಿಯಲ್ಲಿ ಕಾಯಿ ವಿಂಗಡಿಸುವ ಕೆಲಸಕ್ಕೆ ಸೇರಿದೆ. ಮೂವತ್ತೆಂಟು ವರ್ಷ ಅದೇ ಕೆಲಸ. ಚೀಲದೊಳಗೆ ಮೊಳಕೈ ತನಕ ಕೈ ಹಾಕಿ ತಳದ ಕಾಯಿ ತೆಗೆಯಬೇಕು, ಬಣ್ಣ ನೋಡಬೇಕು, ಸುಕ್ಕು ನೋಡಬೇಕು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ಬೀಜ ಗಲಗಲ ಅನ್ನುತ್ತದೆಯೇ ಕೇಳಬೇಕು. ಗಲಗಲ ಅನ್ನದಿದ್ದರೆ ತೂಕ ಬರಲೆಂದು ನೀರು ಹೊಡೆದಿದ್ದಾರೆ ಎಂದರ್ಥ. ಸಂಜೆ ಮನೆಗೆ ಹೋದರೆ ನನ್ನ ಅಂಗಿಯ ಘಾಟಿಗೆ ಮನೆಯವರೆಲ್ಲ ಸೀನುತ್ತಿದ್ದರು. ಮೇಲೆ ಕಂಡಿದ್ದನ್ನು ನಂಬದಿರುವುದು, ಒಳಗೆ ಕೈ ಹಾಕುವುದು, ಇವೆರಡನ್ನು ಆ ಕೆಲಸ ಕಲಿಸಿತು.

ಬಂದೂಕಿನ ವಿದ್ಯೆ ಉಸ್ತಾದರದು. ನಮ್ಮ ಹೊಲಕ್ಕೆ ಹಂದಿಯ ಕಾಟವಿತ್ತು. ಬೆಳೆ ರಕ್ಷಣೆಯ ಲೈಸೆನ್ಸು ತೆಗೆದುಕೊಂಡು ಹಳೆಯ ಒಂಟಿನಳಿಗೆ ಬಂದೂಕು ಕೊಳ್ಳಲು ಅವರ ಅಂಗಡಿಗೆ ಹೋಗಿದ್ದೆ. ಜನ ಅದನ್ನು ಬೇಟೆ ಬಂದೂಕು ಎನ್ನುತ್ತಾರೆ. ಬೇಟೆಯ ಕಾಲ ನನಗೆ ಮೀಸೆ ಮೂಡುವ ಹೊತ್ತಿಗೇ ಮುಗಿದಿತ್ತು, ಹೆಸರು ಮಾತ್ರ ಉಳಿಯಿತು. ನಾನು ಬಂದೂಕನ್ನು ಮೆಣಸಿನಕಾಯಿಯಂತೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ್ದನ್ನು ಕಂಡು ಉಸ್ತಾದರು ಬಿದ್ದು ಬಿದ್ದು ನಕ್ಕರು. ಆಮೇಲೆ, ನೀನು ಮಾಡಿದ್ದು ಅರ್ಧ ಸರಿಯಾಗಿದೆ, ಉಳಿದರ್ಧ ಕಲಿ ಎಂದು ಪಕ್ಕದಲ್ಲಿ ಕೂರಿಸಿಕೊಂಡರು. ಪ್ರತಿ ವಾರ ನನ್ನ ರಜೆಯ ದಿನ ಅವರಲ್ಲಿಗೆ ಹೋಗುವುದು ಅಲ್ಲಿಂದ ಶುರುವಾಯಿತು.

ಮರದ ಹಿಡಿಕೆಯನ್ನು ಅವರು ಕೊನೆಗೆ ನೋಡುತ್ತಿದ್ದರು. ಹೊಸ ವಾರ್ನಿಷ್ ಮಿಂಚಿದರೆ ಅನುಮಾನ ಪಡು ಎನ್ನುತ್ತಿದ್ದರು. ಮೊದಲು ನಳಿಗೆ ಬಿಚ್ಚಿ ಬಾಗಿಲಿಗೆ ಬಂದು ಆಕಾಶದ ಕಡೆ ಹಿಡಿಯಬೇಕು. ಬಲ್ಬಿನ ಬೆಳಕು ಸುಳ್ಳು ಹೇಳುತ್ತದೆ. ಆಕಾಶದ ಬೆಳಕು ನಳಿಗೆಯೊಳಗೆ ಬಳೆ ಬಳೆಯಾಗಿ ನಿಲ್ಲುತ್ತದೆ. ಬಳೆ ಎಲ್ಲೂ ಮುರಿಯದಿದ್ದರೆ ನಳಿಗೆ ನೆಟ್ಟಗಿದೆ. ಕಪ್ಪು ಚುಕ್ಕೆ ಕಂಡರೆ ತುಕ್ಕು ತಿಂದಿದೆ. ಆಮೇಲೆ ನಳಿಗೆಯನ್ನು ದಾರದಲ್ಲಿ ತೂಗುಬಿಟ್ಟು ಬೆರಳ ಗೆಣ್ಣಿನಿಂದ ಬಡಿಯಬೇಕು. ಗಂಟೆಯಂತೆ ನುಡಿದರೆ ಜೋಡಿನಳಿಗೆಯ ಬೆಸುಗೆ ಗಟ್ಟಿ, ತಗಡಿನಂತೆ ಬಡಬಡಿಸಿದರೆ ಬಿಟ್ಟಿದೆ. ಕೀಲು ಅಲ್ಲಾಡಿಸಬೇಕು. ತಿರುಪುಗಳ ತಲೆ ಕೆರೆದಿದ್ದರೆ ಯಾರೋ ಊರ ಕಮ್ಮಾರ ಕೈ ಹಾಕಿದ್ದಾನೆ. ಎಷ್ಟು ಚುನಾವಣೆ ಕಂಡಿದೆ ಎಂದೂ ಕೇಳಬೇಕು. ಪ್ರತಿ ಚುನಾವಣೆಗೆ ಬಂದೂಕುಗಳನ್ನು ಠಾಣೆಯಲ್ಲಿ ಇಡಬೇಕಲ್ಲ. ಒಂದು ಚುನಾವಣೆ ಅಂದರೆ ಬಂದೂಕಿಗೆ ಒಂದು ಮಳೆಗಾಲ ಎಂದು ಅವರ ಲೆಕ್ಕ. ಠಾಣೆಯಿಂದ ತಂದ ದಿನವೇ ಒರೆಸಿದವನು ಯಾರು, ಮೂಲೆಗೆ ಒರಗಿಸಿ ಮರೆತವನು ಯಾರು, ನಳಿಗೆಯೇ ಹೇಳುತ್ತದೆ.

ಇಷ್ಟೆಲ್ಲ ಮುಗಿದ ಮೇಲೆ ಉಸ್ತಾದರು ಬಂದೂಕನ್ನು ಮೇಜಿನ ಮೇಲಿಟ್ಟು, ಕೊಡುವವನೂ ಕೊಳ್ಳುವವನೂ ಕೇಳುವಂತೆ ಒಂದೇ ಬೆಲೆಯನ್ನು ಜೋರಾಗಿ ಹೇಳುತ್ತಿದ್ದರು. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಬೇಕಾದರೆ ಕೊಳ್ಳಿ, ಬೇಡವಾದರೆ ಚಹಾ ಕುಡಿದು ಹೋಗಿ.

ಅವರ ಕಣ್ಣು ಮಂಜಾದ ಮೇಲೆ ಜನರನ್ನು ನನ್ನ ಕಡೆ ಕಳಿಸತೊಡಗಿದರು. ಹಳೆಯ ಬಂದೂಕು ಕೊಳ್ಳುವವರು ಬ್ಯಾಡಗಿಗೆ ಬಂದು ನನ್ನನ್ನು ಕರೆದುಕೊಂಡು ಹೋಗುತ್ತಿದ್ದರು. ಬಸ್ ಖರ್ಚು, ಊಟ, ಕೊನೆಗೆ ಕೈಗೆ ಅಷ್ಟಿಷ್ಟು. ಟವೆಲ್ಲನ್ನು ತಂದವನು ನಾನೇ. ನಮ್ಮ ಕಡೆಯ ದನದ ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ದಲಾಲಿ ತನ್ನ ಕೈಯ ಮೇಲೆ ಟವೆಲ್ ಹೊದಿಸುತ್ತಾನೆ, ಮಾರುವವನು ಒಳಗೆ ಕೈ ಇಟ್ಟು ಬೆರಳು ಹಿಡಿದು ತನ್ನ ಬೆಲೆ ತಿಳಿಸುತ್ತಾನೆ. ಆಮೇಲೆ ಕೊಳ್ಳುವವನ ಕೈ. ಸುತ್ತ ನಿಂತವರಿಗೆ ಮುಖಗಳಷ್ಟೇ ಕಾಣುತ್ತವೆ. ಬಂದೂಕು ಕೊಳ್ಳಲು ಬರುವವರೆಲ್ಲ ದನದ ಸಂತೆ ಕಂಡ ರೈತರೇ. ಬಾಯಿಬಿಟ್ಟು ಬೆಲೆ ಹೇಳಿದರೆ ಅವರಿಗೆ ಮುಜುಗರ, ಟವೆಲ್ ಹಾಕಿದರೆ ಹಗುರ. ನನಗೂ ಹಗುರ. ಎದುರಿಗಿದ್ದವನ ಬಂದೂಕು ಕೆಟ್ಟದ್ದು ಎಂದು ಅವನ ಮುಖಕ್ಕೆ ಹೇಳಬೇಕಾಗಿರಲಿಲ್ಲ.

ಉಸ್ತಾದರಿಗೆ ಅದು ಹಿಡಿಸಲಿಲ್ಲ. "ಸಂತ್ಯಾಗ ನೂರ ಮಂದಿ ಇರ್ತಾರ, ಮುಚ್ಚಿ ಹೇಳ್ತಾರ. ಇಲ್ಲಿ ನಾಕ ಮಂದಿ ಅದೀವಿ. ನೀ ಯಾರಿಗೆ ಮುಚ್ಚಾಕತ್ತೀದಿ ತಮ್ಮಾ?" ಎಂದು ಒಮ್ಮೆ ಕೇಳಿದರು. ನಾನು ಏನೋ ಹೇಳಿ ನಕ್ಕೆ. ಅವರು ಮತ್ತೆ ಕೇಳಲಿಲ್ಲ.

ಹತ್ತು ವರ್ಷದ ಹಿಂದಿನ ಮಾತು. ಅಗಡಿಯ ಕಡೆಯ ಒಬ್ಬ ರೈತ ಗೋವಿನಜೋಳಕ್ಕೆ ಬೀಳುವ ಹಂದಿಗಳಿಂದ ಸೋತು ಲೈಸೆನ್ಸು ಮಾಡಿಸಿಕೊಂಡಿದ್ದ. ಒಳ್ಳೆಯ ಮನುಷ್ಯ. ಬಂದೂಕಿನ ಬಗ್ಗೆ ಏನೂ ಗೊತ್ತಿಲ್ಲವೆಂದು ತಾನೇ ಹೇಳುತ್ತಿದ್ದ. ಉಸ್ತಾದರ ಅಂಗಡಿಯಲ್ಲಿ ಒಂದು ವಿಲಾಯಿತಿ ಜೋಡಿನಳಿಗೆ ಠೇವಣಿಗೆ ಬಂದಿದೆ ಎಂದು ಕೇಳಿ ನನ್ನನ್ನು ಕರೆದುಕೊಂಡು ಹೋದ. ಅದರ ಯಜಮಾನ ದೇವರಗುಡ್ಡದ ಹಾದಿಯ ಒಂದು ಊರಿನವನು. ಹಿಂದಿನ ಚಳಿಗಾಲದಲ್ಲಿ ಎದೆನೋವಿನಿಂದ ತೀರಿಕೊಂಡಿದ್ದ. ಮಕ್ಕಳಿರಲಿಲ್ಲ. ಬಂದೂಕು ಹೆಂಡತಿಯ ಪಾಲಿಗೆ ಬಂದಿತ್ತು. ಮಾರಲು ಅನುಮತಿ ಕಾಗದ ಸಿಕ್ಕಿತ್ತು. ಆಕೆ ಗಂಡನ ತಮ್ಮನ ಜೊತೆ ಬಂದಿದ್ದಳು.

ಆಕೆಗೆ ಆಗ ನಲವತ್ತರ ಆಸುಪಾಸು. ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಸೆರಗು ಹೊದ್ದು ಕುಳಿತಿದ್ದಳು. ನಾನು ಚೀಲದ ದಾರ ಬಿಚ್ಚುವ ಮೊದಲೇ ಆಕೆ ಕೇಳಿದ್ದು ಒಂದೇ ಪ್ರಶ್ನೆ: "ಒಂದ ಎಮ್ಮಿಯಷ್ಟರ ಬರತೈತೇನ್ರಿ?"

ಮೈದುನ ನಕ್ಕು ಸಮಜಾಯಿಷಿ ಹೇಳಿದ. ಅತ್ತಿಗೆಗೆ ಎಮ್ಮೆಯ ಹುಚ್ಚು ಹಿಡಿದಿದೆ, ಮನೆಯಲ್ಲಿ ಹಾಲಿಗೆ ಕಡಿಮೆಯೇನಿಲ್ಲ ಎಂದ. ಆಕೆ ಅವನ ಕಡೆ ನೋಡದೆ ನನಗೇ ಹೇಳಿದಳು. ಪಕ್ಕದ ಊರಿನಲ್ಲಿ ಎರಡನೇ ಕರುವಿನ ಎಮ್ಮೆಯೊಂದನ್ನು ನೋಡಿ ಬಂದಿದ್ದಾಳೆ, ಮೂವತ್ತೆಂಟು ಸಾವಿರ ಹೇಳುತ್ತಿದ್ದಾರೆ, ಅದಕ್ಕೆ ಕಡಿಮೆ ಮಾಡುವುದಿಲ್ಲ, ಮಾಡಬೇಕಾಗಿಯೂ ಇಲ್ಲ, ಅಂಥ ಕೆಚ್ಚಲು ಎಲ್ಲೂ ಸಿಗುವುದಿಲ್ಲ. ಹಾಲು ಡೈರಿಗೆ ಹಾಕಿ ತನ್ನ ಒಲೆ ಬೇರೆ ಹೂಡುತ್ತಾಳೆ. ಮೈದುನನ ಹೆಂಡತಿಯ ಅಡುಗೆಮನೆಯಲ್ಲಿ ತಾನು ಬೇಡುವುದೂ ಬೇಡ, ಅವರು ಬಡಿಸುವುದೂ ಬೇಡ. ಇಷ್ಟನ್ನೂ ಹವಾಮಾನ ಹೇಳುವಂತೆ ತಣ್ಣಗೆ ಹೇಳಿದಳು. ಮೈದುನ ಗೋಡೆಯ ಕ್ಯಾಲೆಂಡರ್ ನೋಡುತ್ತ ನಿಂತಿದ್ದ.

ಬಂದೂಕು ಬಿಚ್ಚಿದೆ. ಅಷ್ಟು ಚೆನ್ನಾಗಿ ಇಟ್ಟ ಬಂದೂಕನ್ನು ನಾನು ಅದಕ್ಕೆ ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. ತಿರುಪುಗಳ ತಲೆ ಹೊಸದರಂತಿತ್ತು. ಕೀಲಿನಲ್ಲಿ ಕೂದಲು ಹೋಗುವಷ್ಟೂ ಜಾಗವಿಲ್ಲ. ಮರದ ಹಿಡಿಕೆ ಕೆನ್ನೆ ಇಡುವಲ್ಲಿ ಮಾತ್ರ ಸವೆದು ಕಪ್ಪಾಗಿತ್ತು. ನಳಿಗೆ ತೂಗುಬಿಟ್ಟು ಬಡಿದಾಗ ಮೂಲೆಯಲ್ಲಿ ಕುಳಿತಿದ್ದ ಉಸ್ತಾದರು, ಆಗ ಅವರಿಗೆ ಎರಡೂ ಕಣ್ಣು ಕಾಣುತ್ತಿರಲಿಲ್ಲ, ತಲೆ ಎತ್ತಿದರು. ಬಾಗಿಲಿಗೆ ಬಂದು ಆಕಾಶಕ್ಕೆ ಹಿಡಿದು ನೋಡಿದೆ. ಬಲಗಡೆ ಬಳೆಗಳು ಒಂದೂ ಮುರಿದಿರಲಿಲ್ಲ. ಎಡಗಡೆಯೂ ಹಾಗೇ.

ಯಜಮಾನರು ಇದನ್ನು ಏನು ಮಾಡುತ್ತಿದ್ದರು ಎಂದು ಕೇಳಿದೆ. ಅಮಾವಾಸ್ಯೆಗೊಮ್ಮೆ ಬಿಚ್ಚಿ ಹಳೆಯ ಧೋತರದ ತುಂಡಿನಿಂದ ಒರೆಸುತ್ತಿದ್ದರು, ಬೇರೆ ಯಾರಿಗೂ ಮುಟ್ಟಲು ಕೊಡುತ್ತಿರಲಿಲ್ಲ ಎಂದಳು. ಹಾರಿಸಿದ್ದು ಕಡಿಮೆ, ಒರೆಸಿದ್ದೇ ಹೆಚ್ಚು. ಹಂದಿಗಳಿಗೂ ಅದು ಗೊತ್ತಿತ್ತು ಎಂದಳು. ಅಂಗಡಿಯಲ್ಲಿದ್ದವರೆಲ್ಲ ನಕ್ಕೆವು.

ನನ್ನ ಮನಸ್ಸಿನಲ್ಲಿ ಬೆಲೆ ಆಗಲೇ ಕಟ್ಟಿಯಾಗಿತ್ತು. ನಲವತ್ತು ಸಾವಿರ. ಕೊಳ್ಳುವವನಿಗೂ ಅದು ಹೊರೆಯಲ್ಲ, ಕೊಡುವವಳಿಗೂ ನಷ್ಟವಲ್ಲ. ಉಸ್ತಾದರಿಗೆ ಕಣ್ಣಿದ್ದಿದ್ದರೆ ಅವರೂ ಅದನ್ನೇ ಹೇಳುತ್ತಿದ್ದರು. ನಲವತ್ತು ಅಂದರೆ ಎಮ್ಮೆಯೂ ಬರುತ್ತದೆ, ಅದಕ್ಕೆ ಒಂದು ತಿಂಗಳ ಹಿಂಡಿಯೂ ಬರುತ್ತದೆ. ಆ ಮಾತು ಬಾಯಿಯ ತುದಿಯಲ್ಲಿತ್ತು. ನನ್ನನ್ನು ಬಿಟ್ಟರೆ ನಾಲ್ಕೇ ಜನ, ಒಂದು ಸಣ್ಣ ಅಂಗಡಿ, ಮಧ್ಯಾಹ್ನ ಎರಡು ಗಂಟೆ. ಹೇಳಿಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

ಅಭ್ಯಾಸದಂತೆ ಟವೆಲ್ ತೆಗೆದೆ.

ಹೆಂಗಸಿನ ಕೈಯನ್ನು ಟವೆಲ್ಲಿನೊಳಗೆ ಹಿಡಿಯುವ ಹಾಗಿಲ್ಲ. ಸಂತೆಯಲ್ಲೂ ಹಾಗೇ. ವಿಧವೆ ಎತ್ತು ಮಾರಿದರೂ ಕೈ ಕೊಡುವವನು ಅಣ್ಣ, ಮೈದುನ, ಇಲ್ಲವೇ ಊರಿನ ಹಿರಿಯ. ಆಕೆ ಸ್ಟೂಲಿನ ಮೇಲೇ ಉಳಿದಳು. ಮೈದುನ ಮುಂದೆ ಬಂದು ಒಳಗೆ ಕೈ ಇಟ್ಟ. ನಾನು ನಾಲ್ಕು ಬೆರಳು ಹಿಡಿದು ನಲವತ್ತು ಎಂದು ತಿಳಿಸಿದೆ. ಅವನು ತಾನೂ ನನ್ನ ನಾಲ್ಕು ಬೆರಳು ಹಿಡಿದು ಒಪ್ಪಿದ. ಸಾಮಾನ್ಯವಾಗಿ ಅಲ್ಲಿಗೆ ಕೈ ಬಿಡಬೇಕು. ಅವನು ಬಿಡಲಿಲ್ಲ. ಮತ್ತೆ ಮೂರೇ ಬೆರಳು ಹಿಡಿದು ನನ್ನ ಅಂಗೈಯನ್ನು ಅತ್ತಿಗೆ ಕುಳಿತ ಕಡೆಗೆ ಮೆಲ್ಲಗೆ ಒತ್ತಿದ. ಆಕೆಗೆ ಮೂವತ್ತು ಎಂದು ಹೇಳಿ ಅಂತ. ಆಮೇಲೆ ತೋರುಬೆರಳಿನಿಂದ ನನ್ನ ಅಂಗೈ ನಡುವೆ ಎರಡು ಸಲ ತಟ್ಟಿದ. ಅದು ನನ್ನ ಪಾಲು.

ಅವನ ಕೈ ಬೆಚ್ಚಗಿತ್ತು, ಒಣಗಿತ್ತು. ಹೆದರಿದವನ ಕೈ ಬೆವರುತ್ತದೆ.

ಎರಡು ಸಾವಿರಕ್ಕೆ ಆಸೆಪಟ್ಟೆ ಎಂದು ಬರೆದರೆ ಸುಲಭ. ಅದು ಅರ್ಧ ನಿಜ. ಇನ್ನರ್ಧ ಏನೆಂದರೆ, ಟವೆಲ್ಲಿನೊಳಗೆ ಕೈ ಕೊಟ್ಟವನೇ ಯಜಮಾನ, ಅವನ ಮಾತನ್ನು ಹೊರಗೆ ಹಾಕುವುದು ದಲಾಲಿಯ ಕೆಲಸವಲ್ಲ ಎಂದು ಕೈಗೆ ರೂಢಿಯಾಗಿತ್ತು. ಕೈ ತಲೆಯನ್ನು ಕೇಳಲಿಲ್ಲ. ಅದೂ ನೆಪವೇ ಇರಬಹುದು. ಇಷ್ಟು ವರ್ಷ ಇದನ್ನೇ ಅರೆದಿದ್ದೇನೆ, ಈಗ ಅರೆಯುವುದಕ್ಕೂ ತ್ರಾಣವಿಲ್ಲ.

ಕೊಳ್ಳುವವನ ಕೈಗೆ ನಲವತ್ತು ತಿಳಿಸಿದೆ, ಅವನು ಖುಷಿಯಿಂದ ಒಪ್ಪಿ ಹಣ ತರಲು ಬ್ಯಾಂಕಿಗೆ ಹೋದ. ಆಕೆಯ ಕಡೆ ತಿರುಗಿ, ಮೂಲೆಯ ಉಸ್ತಾದರಿಗೆ ಕೇಳದಷ್ಟು ಮೆಲ್ಲಗೆ, ಮೂವತ್ತು ಎಂದು ಬಾಯಲ್ಲಿ ಹೇಳಿದೆ. ಹೇಳಿದ ಮೇಲೆ ಕಾರಣವೂ ಬೇಕಲ್ಲ. ಮೂವತ್ತು ಯಾಕೆ ಎಂದು ಆಕೆ ಕೇಳಿರಲೂ ಇಲ್ಲ, ಸುಮ್ಮನೆ ನೋಡುತ್ತಿದ್ದಳು. ನಾನೇ ಹೇಳಿದೆ: "ಎಡಗಡೆ ನಳಗ್ಯಾಗ ತುಕ್ಕ ಹಿಡದೈತ್ರಿ ತಾಯಿ. ಅದಕ್ಕ ಅಷ್ಟ ಬರತೈತಿ."

ಆಕೆ ಎದ್ದು ಬಂದಳು. ನಳಿಗೆ ಕೊಡಿ ಎಂದು ಕೈ ಚಾಚಿದಳು. ಕೊಟ್ಟೆ. ನಾನು ಮಾಡಿದಂತೆಯೇ ಬಾಗಿಲಿಗೆ ಹೋಗಿ ಆಕಾಶಕ್ಕೆ ಹಿಡಿದು, ಒಂದು ಕಣ್ಣು ಮುಚ್ಚಿ, ಎಡಗಡೆಯದನ್ನು ಬಹಳ ಹೊತ್ತು ನೋಡಿದಳು.

"ನನಗ ಬೆಳಕಷ್ಟ ಕಾಣತೈತ್ರಿ," ಎಂದಳು.

ನಿಮಗೆ ಗೊತ್ತಾಗುವುದಿಲ್ಲ, ಅದಕ್ಕೆ ಪಳಗಿದ ಕಣ್ಣು ಬೇಕು ಎಂದೆ. ಆಕೆ ನಳಿಗೆಯನ್ನು ಸೆರಗಿನಿಂದ ಒಮ್ಮೆ ಒರೆಸಿ ವಾಪಸು ಕೊಟ್ಟಳು. ಕಾಗದಕ್ಕೆ ಸಹಿ ಹಾಕಿದಳು. ಕೊಳ್ಳುವವನು ಹಣ ತಂದಾಗ ಮೈದುನ ಹೊರಗೇ ಎದುರು ಹೋಗಿ ಎಣಿಸಿಕೊಂಡು ಬಂದ. ಆಕೆಯ ಮಡಿಲಿಗೆ ಮೂವತ್ತು ಬಿತ್ತು. ಹೋಗುವಾಗ ಮೈದುನ ನನ್ನ ಕೈ ಕುಲುಕಿದ. ಕೈ ತೆಗೆದಾಗ ಅದರಲ್ಲಿ ನಾಲ್ಕು ಮಡಿಕೆಯ ನೋಟುಗಳಿದ್ದವು. ಆ ಎರಡು ಸಾವಿರ ಯಾವುದಕ್ಕೆ ಖರ್ಚಾಯಿತೆಂದು ನೆನಪಿಲ್ಲ. ಉಳಿದದ್ದೆಲ್ಲ ನೆನಪಿದೆ.

ಎಲ್ಲರೂ ಹೋದ ಮೇಲೆ ಉಸ್ತಾದರು ಎಷ್ಟಕ್ಕೆ ಮುಗಿಯಿತು ಎಂದು ಕೇಳಿದರು. ಮೂವತ್ತು ಎಂದೆ. ಅವರು ನಳಿಗೆಯ ನಾದ ಕೇಳಿದ್ದರು, ಕೀಲು ಮುಚ್ಚಿದ ಸದ್ದು ಕೇಳಿದ್ದರು.

"ನನ್ನ ಕಣ್ಣ ಹ್ವಾದೂವು," ಎಂದರು. "ನಿನಗೇನ ಆಗೈತಿ?"

ಅದಾದ ಮೇಲೆ ನಾನು ಅವರ ಅಂಗಡಿಗೆ ಹೋಗುವುದು ಕಡಿಮೆಯಾಯಿತು. ಎರಡು ವರ್ಷಕ್ಕೆ ಅವರು ತೀರಿಕೊಂಡರು. ಮಣ್ಣಿಗೆ ಹೋಗಿದ್ದೆ, ಹಿಂದೆ ನಿಂತಿದ್ದೆ.

ಬಂದೂಕು ನೋಡುವ ಕೆಲಸ ಬಿಡಲಿಲ್ಲ. ಕರೆದವರ ಜೊತೆ ಹೋಗುತ್ತಿದ್ದೆ, ಟವೆಲ್ ಹಾಕುತ್ತಿದ್ದೆ. ಅಂಥ ಮೋಸ ಮತ್ತೆ ಮಾಡಲಿಲ್ಲ ಎನ್ನುವುದು ದೊಡ್ಡ ಮಾತೇನೂ ಅಲ್ಲ. ಮತ್ತೆ ಯಾರೂ ಮೂರು ಬೆರಳು ಹಿಡಿಯಲಿಲ್ಲ, ಅಷ್ಟೇ. ಹಿಡಿದಿದ್ದರೆ ಏನು ಮಾಡುತ್ತಿದ್ದೆನೋ ಗೊತ್ತಿಲ್ಲ. ನನಗೆ ನಾನು ಹೇಳಿಕೊಳ್ಳುತ್ತಿದ್ದ ಸಮಾಧಾನ ಒಂದಿತ್ತು. ನಾನು ಕಟ್ಟಿದ ಬೆಲೆ ತಪ್ಪಿರಲಿಲ್ಲ. ಬಂದೂಕು ನಲವತ್ತಕ್ಕೇ ಮಾರಾಟವಾಯಿತು, ನಲವತ್ತೇ ಅದರ ಬೆಲೆ. ಅದು ಯಾರ ಕೈಯಿಂದ ಯಾರ ಕೈಗೆ ಹೋಯಿತು ಎನ್ನುವುದು ಅವರ ಮನೆಯ ವ್ಯವಹಾರ. ಈ ಸಮಾಧಾನ ಹತ್ತು ವರ್ಷ ನಡೆಯಿತು. ಕಳೆದ ಬೇಸಿಗೆಯಲ್ಲಿ ನನ್ನ ಬಂದೂಕಿನ ಮುಂದೆ ನಿಂತು ಕೈ ಟವೆಲ್ಲಿಗೆ ಹೋದಾಗ ನಿಂತುಹೋಯಿತು.

ನನ್ನ ಬಂದೂಕಿನ ಬೆಲೆಯನ್ನು ಕೊನೆಗೆ ಉಸ್ತಾದರ ಮಗನೇ ಹೇಳಿದ, ತಂದೆಯ ಹಾಗೆ ಜೋರಾಗಿ. ಅನುಮತಿ ಬಂದು ಅದು ಮಾರಾಟವಾಗಲು ಮಳೆಗಾಲ ಕಳೆಯಿತು. ಬಂದ ಹಣದಲ್ಲಿ ಹತ್ತು ಸಾವಿರ ಬೇರೆ ತೆಗೆದಿಟ್ಟೆ. ನನಗೆ ಮುಟ್ಟಿದ್ದು ಎರಡೇ, ಆದರೆ ಆಕೆಗೆ ತಪ್ಪಿದ್ದು ಹತ್ತು. ಒಂದು ಬೆಳಿಗ್ಗೆ ಬ್ಯಾಡಗಿಯಿಂದ ರಾಣೆಬೆನ್ನೂರಿಗೆ ಹೋಗಿ, ಅಲ್ಲಿ ದೇವರಗುಡ್ಡದ ಬಸ್ ಹಿಡಿದೆ. ಬಸ್ಸಿನಲ್ಲಿ ನಿಂತೇ ಹೋದೆ. ಯಾರೋ ಜಾಗ ಕೊಡಲು ಎದ್ದರು, ಕೂರಬೇಕು ಅನ್ನಿಸಲಿಲ್ಲ.

ಊರಿನಲ್ಲಿ ವಿಚಾರಿಸುವುದು ಕಷ್ಟವಾಗಲಿಲ್ಲ. ಎಮ್ಮೆ ಕಟ್ಟಿದ ಹೆಂಗಸಿನ ಮನೆ ಎಂದರೆ ಎಲ್ಲರಿಗೂ ಗೊತ್ತು. ಒಂದೇ ಉದ್ದನೆಯ ಮನೆಗೆ ಎರಡು ಬಾಗಿಲು. ಆಚೆಯದರ ಮುಂದೆ ಟ್ರ್ಯಾಕ್ಟರ್ ನಿಂತಿತ್ತು, ಅಲ್ಲಿನ ಕಟ್ಟೆಯ ಮೇಲೆ ಇಬ್ಬರು ಕುಳಿತಿದ್ದರು. ಒಬ್ಬ ಆ ಮೈದುನ, ಮೈ ಇಳಿದುಹೋಗಿದ್ದ. ಇನ್ನೊಬ್ಬ ಮುದುಕ, ನೆರೆಯವನಿರಬೇಕು, ತೊಡೆಯ ಮೇಲೆ ಎಲೆ ಇಟ್ಟುಕೊಂಡು ಸುಣ್ಣ ಹಚ್ಚುತ್ತಿದ್ದ. ಈಚೆಯ ಬಾಗಿಲ ಮುಂದೆ ಮೂರು ಎಮ್ಮೆಗಳು, ಅವುಗಳ ನಡುವೆ ಆಕೆ ಮೇವು ಹರವುತ್ತಿದ್ದಳು. ಕೂದಲು ಬೆಳ್ಳಗಾಗಿತ್ತು. ನನ್ನನ್ನು ನೋಡಿ ಒಂದು ಕ್ಷಣ ನಿಂತಳು.

"ಬಂದೂಕ ನೋಡಾಂವ ಅಲ್ಲೇನ್ರಿ," ಎಂದಳು. ಕುಳಿತುಕೊಳ್ಳಿ ಎನ್ನಲಿಲ್ಲ.

ನಿಂತೇ ಎಲ್ಲ ಹೇಳಿದೆ. ನಲವತ್ತು ಎಂದು ಹಿಡಿದದ್ದು, ಮೂವತ್ತು ಎಂದು ಹೇಳಿದ್ದು, ನನಗೆ ಎರಡು ಬಂದದ್ದು. ಬಸ್ಸಿನಲ್ಲಿ ಮಾತುಗಳನ್ನು ಜೋಡಿಸಿಕೊಂಡಿದ್ದೆ, ಒಂದೂ ಆ ಕ್ರಮದಲ್ಲಿ ಬರಲಿಲ್ಲ. ಆಕೆಯ ಕೈ ಮೇವು ಹರವುವುದನ್ನು ನಿಲ್ಲಿಸಲಿಲ್ಲ.

"ಗೊತ್ತಿತ್ರಿ," ಎಂದಳು.

ಮೈದುನ ಆಮೇಲೆ ಬಾಯಿಬಿಟ್ಟನೇ ಎಂದು ಕೇಳಿದೆ. ಆಕೆ ತಲೆ ಅಲ್ಲಾಡಿಸಿದಳು.

"ನಮ್ಮಪ್ಪ ಹಾವೇರಿ ಸಂತ್ಯಾಗ ದನದ ದಲಾಲಿ ಇದ್ದ. ಟವೆಲ್ ಒಳಗಿನ ಬೆರಳ ಕಾಣಂಗಿಲ್ಲ, ಖರೇ. ಮೊಳಕೈ ಕಾಣತೈತಲ್ರಿ? ನಾಕ ಹಿಡದಾಗ ಹ್ಯಾಂಗ ನಿಂದರತೈತಿ, ಮೂರ ಹಿಡದಾಗ ಹ್ಯಾಂಗ ನಿಂದರತೈತಿ, ಸಣ್ಣಾಕಿ ಇದ್ದಾಗಿಂದ ನೋಡೇನಿ. ಮೊದಲ ನಾಕ ಹಿಡದ್ರಿ. ಆಮ್ಯಾಗ ಅಂವ ಮೂರ ಹಿಡದ."

ಮತ್ತೆ ಯಾಕೆ ಸುಮ್ಮನಿದ್ದಿರಿ ಎಂದು ಕೇಳಿದೆ. ಕೇಳಬಾರದಿತ್ತು.

"ನಾ ಮಾತಾಡಿದ್ರ ಅವತ್ತ ಸಂಜೀಕೆ ಅವನ ಮನ್ಯಾಗ ಉಣಬೇಕಿತ್ತಲ್ರಿ. ನಿಮಗ ಅಲ್ಲಿ ಉಣೂದಿರಲಿಲ್ಲ. ನೀವು ಹೇಳ್ತೀರಿ ಅಂತ ನಿಮ್ಮ ಬಾಯಿ ನೋಡಕೋಂತ ಕುಂತೆ."

ಆಮೇಲೆ ಏನಾಯಿತೆಂದು ಆಕೆಯೇ ಹೇಳಿದಳು. ಮೂವತ್ತೆಂಟರ ಎಮ್ಮೆ ಬೇರೆಯವರ ಮನೆಗೆ ಹೋಯಿತು. ಮೂವತ್ತಕ್ಕೆ ಸಿಕ್ಕಿದ್ದು ಒಂದು ಮೊಲೆ ಸತ್ತುಹೋದ ಎಮ್ಮೆ. ಗೊತ್ತಿದ್ದೇ ಕೊಂಡಳು. "ನಿಮ್ಮ ಮೂರ ಬೆರಳಿಗೆ ಮೂರ ಮೊಲಿ ಬಂದೂವು," ಎಂದಳು, ನಗದೆ. ಅದರ ಹಾಲು ಮನೆಯ ಚಹಾಕ್ಕೆ ಸರಿಹೋಗುತ್ತಿತ್ತು, ಡೈರಿಗೆ ಮುಟ್ಟುತ್ತಿರಲಿಲ್ಲ. ಅದರ ಹೆಣ್ಣುಕರು ಬೆಳೆದು ಈದ ಮೇಲೆ ಒಲೆ ಬೇರೆ ಹೂಡಿದಳು. ನಾಲ್ಕು ವರ್ಷ. ಆ ನಾಲ್ಕು ವರ್ಷ ಅಡುಗೆಮನೆಯ ಹೊಸ್ತಿಲಲ್ಲಿ ಕುಳಿತು ಉಂಡಿದ್ದಾಳೆ.

ಹಣ ಕೊಟ್ಟೆ. ಬೇಡ ಎನ್ನುತ್ತಾಳೆಂದು ಎಲ್ಲೋ ಒಳಗೆ ಅಂದುಕೊಂಡಿದ್ದೆ. ಆಗ ನಾನು ಒತ್ತಾಯ ಮಾಡಬಹುದು, ಕಣ್ಣೀರು ಹಾಕಬಹುದು. ಆಕೆ ಕೈಯನ್ನು ಸೀರೆಗೆ ಒರೆಸಿಕೊಂಡು ತೆಗೆದುಕೊಂಡಳು. "ಈಗ ಇದಕ್ಕ ಒಂದ ಕರಾ ಬರತೈತಿ," ಎಂದು ಸೊಂಟಕ್ಕೆ ಸಿಕ್ಕಿಸಿದಳು. ಮುಗಿಯಿತೆಂದು ನಾನು ತಿರುಗಿದೆ.

"ನಿಂದರ್ರಿ. ರೊಕ್ಕ ಹ್ವಾದ್ರ ಹೋಗಲಿ, ಬಂದ್ರ ಬರಲಿ. ಎಡಗಡೆ ನಳಗ್ಯಾಗ ತುಕ್ಕ ಹಿಡದೈತಿ ಅಂದ್ರೆಲ್ಲ, ಅದನ್ನ ಅಂವ ಊರ ತುಂಬ ಹೇಳ್ಯಾನ. ನಮ್ಮಣ್ಣ ಬಂದೂಕ ಒರಸೂ ನಾಟಕ ಮಾಡತಿದ್ದ, ಒಳಗ ತುಕ್ಕ ತಿಂದಿತ್ತು ಅಂತ. ಹತ್ತ ವರ್ಷ ಕೇಳೇನಿ ನಾನು." ಆಕೆ ಕಟ್ಟೆಯ ಕಡೆ ಗದ್ದ ಎತ್ತಿದಳು. "ಅಲ್ಲಿ ಕುಂತಾನ. ಅವತ್ತ ಹೇಳೂದನ್ನ ಇವತ್ತ ಹೇಳ್ರಿ. ಬಾಯಿಲೆ."

ಎರಡು ಬಾಗಿಲಿನ ನಡುವೆ ಇಪ್ಪತ್ತು ಹೆಜ್ಜೆಯೂ ಇರಲಾರದು. ನಡೆದು ಹೋದೆ. ಮೈದುನನಿಗೆ ನನ್ನ ಗುರುತು ಸಿಕ್ಕಿತು, ಕಣ್ಣು ಹೇಳಿತು. ಬರ್ರಿ, ಕುಂದ್ರಿ ಎಂದು ಜಾಗ ಮಾಡಿಕೊಟ್ಟ. ನಾನು ಕೂರಲಿಲ್ಲ. ಹೆಗಲ ಮೇಲಿನ ಟವೆಲ್ಲನ್ನು ತೆಗೆದು ಎಡಗೈಯಲ್ಲಿ ಮುದುಡಿ ಹಿಡಿದುಕೊಂಡೆ, ಕೈಗಳು ಎಲ್ಲರಿಗೂ ಕಾಣಲಿ ಎಂದು.

"ನಿಮ್ಮಣ್ಣನ ಬಂದೂಕ ಸ್ವಚ್ಛ ಇತ್ತು," ಎಂದೆ. "ಎಡಗಡೆ ನಳಗ್ಯಾಗ ಏನೂ ಇರಲಿಲ್ಲ. ಅದರ ಬೆಲಿ ನಲವತ್ತ ಸಾವಿರ ಇತ್ತು. ನಾ ಸುಳ್ಳ ಹೇಳಿದ್ದೆ."

ಅವನು ಕಿವಿಗೆ ಕೈ ಅಡ್ಡ ಹಿಡಿದ. "ಏನಂದ್ರಿ? ಕಿವಿ ಮಂದ ಆಗ್ಯಾವ ನನಗ."

ಕೇಳಿಸಿತ್ತೋ ಇಲ್ಲವೋ ನನಗೆ ತಿಳಿಯಲಿಲ್ಲ. ನನ್ನ ಹಿಂದೆ ಮೇವಿನ ಸರಸರ ಸದ್ದು ನಿಂತಿತ್ತು. ಮತ್ತೆ ಹೇಳಿದೆ, ಮೆಣಸಿನಕಾಯಿ ಪೇಟೆಯಲ್ಲಿ ತೂಕ ಕೂಗುತ್ತಿದ್ದ ದನಿಯಲ್ಲಿ. ಎದುರು ಮನೆಯ ಹೆಂಗಸೊಬ್ಬಳು ಬಾಗಿಲಿಗೆ ಬಂದಳು. ನಲವತ್ತು ಎಂಬ ಮಾತು ಆ ಓಣಿಯಲ್ಲಿ ನಾನು ಅಂದುಕೊಂಡದ್ದಕ್ಕಿಂತ ದೊಡ್ಡದಾಗಿ ಕೇಳಿಸಿತು. ಮೈದುನ ಕೈ ಇಳಿಸಿ ಟ್ರ್ಯಾಕ್ಟರಿನ ಕಡೆ ನೋಡತೊಡಗಿದ.

ಎಲೆಗೆ ಸುಣ್ಣ ಹಚ್ಚುತ್ತಿದ್ದ ನೆರೆಯ ಮುದುಕ ಬೆರಳನ್ನು ಕಂಬಕ್ಕೆ ಒರೆಸಿದ.

"ನಾ ಹೇಳತಿದ್ನೆಲ್ಲಾ," ಎಂದ, ಯಾರಿಗೂ ಅಲ್ಲದಂತೆ. "ಅಮಾಸಿಗೊಮ್ಮಿ ಇದ ಕಟ್ಟಿ ಮ್ಯಾಲ ಕುಂತು ಒರಸತಿದ್ದ ಅಂವ."

ಹಿಂದೆ ಮೇವಿನ ಸದ್ದು ಮತ್ತೆ ಶುರುವಾಯಿತು. ನಾನು ಬಸ್ಸು ನಿಲ್ಲುವ ಜಾಗಕ್ಕೆ ನಡೆದೆ.